ಗೊಂಬೆ ಯಾರದಾದರೇನು, ಬಾಯಿ ಕನ್ನಡದ್ದಾಗಲಿ!

(ಹೂವಿನಹಡಗಲಿಯಲ್ಲಿ ರಾಜ್ಯೋತ್ಸವದ ಅಂಗವಾಗಿ ನಡೆದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕೂತವನು. ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರು, ಇದೇ ನನ್ನ ಸಾಹಿತ್ಯ! ಆದರೆ ಈ ದಿನ ನಾನು ಮಾತಾಡುವುದು ಕಾಗದದ ಬಗ್ಗೆ ಅಲ್ಲ, ಗೊಂಬೆಯ ಬಗ್ಗೆ. ಕಂಪ್ಯೂಟರಿನ ಪರದೆಯ ಮೇಲೆ ಕುಣಿಯುವ, ಮಾತಾಡುವ ಗೊಂಬೆಯ ಬಗ್ಗೆ. ಮುದ್ರಣದವನಿಗೆ ಇದೇಕೆ ಬೇಕು ಎನ್ನುತ್ತೀರೇನೋ. ಹೇಳುತ್ತೇನೆ ಕೇಳಿ.

ಹೋದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಪ್ರೆಸ್ಸಿಗೆ ಬಂದ. "ಮಾಮಾ, ಮಕ್ಕಳ ಕಥೆ ವಿಡಿಯೋ ಮಾಡಬೇಕು. ನನಗೆ ಚಿತ್ರ ಬರೆಯಾಕ ಬರೋದಿಲ್ಲ. ಸೂತ್ರ ಕಟ್ಟಿ ತಯಾರಿಟ್ಟ ಗೊಂಬೆಗಳು ಬಿಟ್ಟಿ ಸಿಗ್ತಾವಂತ, ನಿಮ್ಮ ನೆಟ್ಟಿನ್ಯಾಗ ಹುಡುಕ್ಲೇನು?" ಅಂದ. ಹುಡುಕಪ್ಪಾ ಅಂದೆ. ಎಲ್ಲೋ ಒಂದು ಕಡೆ 'ನೂರು ಗೊಂಬೆ ಉಚಿತ' ಎಂದು ಬರೆದಿತ್ತು. ಒತ್ತಿದ. ಬಂದದ್ದು ಗೊಂಬೆಯಲ್ಲ, ವೈರಸ್ಸು! ಹದಿನೇಳು ಲಗ್ನಪತ್ರಿಕೆಯ ಫೈಲುಗಳು ಮಣ್ಣುಪಾಲಾದವು. ಎರಡು ರಾತ್ರಿ ಕೂತು ಮತ್ತೆ ಕಂಪೋಸ್ ಮಾಡಿದೆ. ಹುಡುಗ ಮುಖ ತಗ್ಗಿಸಿ ನಿಂತಿದ್ದ. ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ದಾರಿ ತೋರಿಸುವವರು ಇರಲಿಲ್ಲ, ಅಷ್ಟೆ. ಅಂದಿನಿಂದ ನಾನೇ ಕಲಿಯಲು ಕೂತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಪ್ಪನ ಡ್ರಾಯರಿನ ಗಣಪತಿ

ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಒಂದು ಮರದ ಡ್ರಾಯರ್ ಇತ್ತು. ಅದರ ತುಂಬ ಬ್ಲಾಕುಗಳು. ಗಣಪತಿ, ಕಳಸ, ಬಸವಣ್ಣ, ಜೋಡಿ ಬಾಳೆಗಿಡ. ಗಿರಾಕಿ ಬಂದರೆ ಬ್ಲಾಕು ತೆಗೆದು ಮೊಳೆಗಳ ಮೇಲೆ ಕೂರಿಸಿದರೆ ಆಯಿತು. ಚಿತ್ರ ಬರೆಯುವವನು ಬೇಕಿಲ್ಲ. ಸಿದ್ಧ ಗೊಂಬೆ ಎಂದರೂ ಹೀಗೆಯೇ. ಯಾರೋ ಚಿತ್ರ ಬರೆದು, ಕೈಕಾಲಿಗೆ ಕೀಲು ಇಟ್ಟು, ಬಾಯಿಯ ಆಕಾರಗಳನ್ನು ಜೋಡಿಸಿ ಕೊಟ್ಟಿರುತ್ತಾರೆ. ನೀವು ಕ್ಯಾಮರಾದ ಮುಂದೆ ಕೂತು ತಲೆ ಆಡಿಸಿದರೆ ಗೊಂಬೆ ತಲೆ ಆಡಿಸುತ್ತದೆ. ಮೈಕಿನಲ್ಲಿ ಮಾತಾಡಿದರೆ ಅದರ ಬಾಯಿ ಆಡುತ್ತದೆ.

ಅಡೋಬಿ ಕಂಪನಿಯ ಕ್ಯಾರೆಕ್ಟರ್ ಅನಿಮೇಟರ್ ಎಂಬ ತಂತ್ರಾಂಶ ಈ ಕೆಲಸಕ್ಕೆ ಹೆಸರಾದದ್ದು. 2016ರ ಮೇ ತಿಂಗಳಲ್ಲಿ ಅಮೆರಿಕದ ಸಿಂಪ್ಸನ್ಸ್ ಕಾರ್ಟೂನಿನ ಹೋಮರ್ ಟಿವಿಯಲ್ಲಿ ನೇರ ಪ್ರಸಾರದಲ್ಲಿ ವೀಕ್ಷಕರ ಪ್ರಶ್ನೆಗೆ ಉತ್ತರ ಕೊಟ್ಟ. ಅದು ಸಾಧ್ಯವಾದದ್ದು ಇದರಿಂದಲೇ. 2021ರಲ್ಲಿ ಕಂಪನಿ ಇದಕ್ಕೆ ಸ್ಟಾರ್ಟರ್ ಎಂಬ ಉಚಿತ ವಿಧಾನ ತಂದಿತು. ಜತೆಗೆ ಕೆಲವು ಸಿದ್ಧ ಗೊಂಬೆಗಳೂ ಬಂದವು. ಆದರೆ ಸ್ವಂತ ಗೊಂಬೆಗೆ ಸೂತ್ರ ಕಟ್ಟುವ ಪೂರ್ತಿ ಸೌಲಭ್ಯ ಬೇಕೆಂದರೆ ದುಡ್ಡು ಬಿಚ್ಚಬೇಕು. ಬಿಟ್ಟಿ ಎಂದವರು ಎಲ್ಲಿಯವರೆಗೆ ಬಿಟ್ಟಿ ಎಂದು ಕೇಳುವುದು ನಮ್ಮ ಕೆಲಸ.

ಎಲ್ಲಿ ಹುಡುಕಬೇಕು, ಏನು ನೋಡಬೇಕು?

ಮೊದಲು ಮನೆಯ ಬಾಗಿಲಲ್ಲೇ ನೋಡಿ. ತಂತ್ರಾಂಶದ ಜತೆಗೇ ಬರುವ ಗೊಂಬೆಗಳಿಂದ ಶುರು ಮಾಡಿ. ನಂತರ ಅದೇ ಕಂಪನಿಯಲ್ಲಿ ಕೆಲಸ ಮಾಡಿದ ಡೇವ್ ವರ್ನರ್ ಎಂಬವರು ಒಕೇ ಸಮುರಾಯ್ ಎಂಬ ಹೆಸರಿನಲ್ಲಿ ಕೊಟ್ಟ ಉಚಿತ ಗೊಂಬೆಗಳಿವೆ, ಪಾಠಗಳೂ ಇವೆ. ದುಡ್ಡು ಕೊಡದೆ ಪೂರ್ತಿ ಸ್ವತಂತ್ರವಾಗಿ ಕೆಲಸ ಮಾಡಬೇಕು ಅನ್ನುವವರಿಗೆ ಬ್ಲೆಂಡರ್ ಇದೆ, ಸಿನ್‌ಫಿಗ್ ಇದೆ, 2016ರಲ್ಲಿ ಎಲ್ಲರಿಗೂ ಮುಕ್ತವಾದ ಓಪನ್‌ಟೂನ್ಜ್ ಇದೆ. ಆದರೆ ನೆನಪಿಡಿ, ಒಂದರ ಗೊಂಬೆ ಇನ್ನೊಂದರಲ್ಲಿ ಹಾಗೇ ಕುಣಿಯುವುದಿಲ್ಲ. ಚಿತ್ರ ಹೋಗುತ್ತದೆ, ಕಟ್ಟಿದ ಸೂತ್ರ ಹೋಗುವುದಿಲ್ಲ.

ಇಳಿಸಿಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ.

ಒಂದು: ಬಂದ ಫೈಲು ಯಾವುದು? ಕ್ಯಾರೆಕ್ಟರ್ ಅನಿಮೇಟರಿನ ಗೊಂಬೆಯಾದರೆ ಹೆಸರಿನ ಕೊನೆಗೆ ಪಪೆಟ್ ಎಂದಿರುತ್ತದೆ. ಇಲ್ಲವೆ ಫೋಟೋಶಾಪ್, ಇಲ್ಲಸ್ಟ್ರೇಟರ್ ಚಿತ್ರವಾಗಿರುತ್ತದೆ. ಕೊನೆಗೆ ಇಎಕ್ಸ್‌ಇ ಎಂದಿದ್ದರೆ ಅದು ಗೊಂಬೆಯಲ್ಲ, ನನ್ನ ಹದಿನೇಳು ಲಗ್ನಪತ್ರಿಕೆ ತಿಂದ ಪಿಶಾಚಿಯ ಅಣ್ಣ. ಮುಟ್ಟಬೇಡಿ!

ಎರಡು: ಚಿತ್ರ ಪದರ ಪದರವಾಗಿದೆಯೇ? ತಲೆ, ಮೈ, ಎಡಗಣ್ಣು, ಬಲಗಣ್ಣು, ಹುಬ್ಬು, ಬಾಯಿ, ಎಲ್ಲ ಬೇರೆ ಬೇರೆ ಪದರದಲ್ಲಿದ್ದರೆ ಮಾತ್ರ ನೀವು ಬದಲಿಸಬಹುದು. ಪದರಗಳಿಗೆ ಇಂಗ್ಲಿಷಿನಲ್ಲಿ ಹೆಡ್, ಬಾಡಿ, ಮೌತ್ ಎಂದು ಹೆಸರಿದ್ದರೆ ತಂತ್ರಾಂಶ ತಾನೇ ಗುರುತು ಹಿಡಿಯುತ್ತದೆ. ಹಾಗೆಂದು ಕನ್ನಡದಲ್ಲಿ ಹೆಸರಿಡಬಾರದೆಂದಿಲ್ಲ. ಆಗ ಇದು ತಲೆ, ಇದು ಬಾಯಿ ಎಂದು ಕೈಯಾರೆ ಗುರುತು ಹಚ್ಚಬೇಕು. ಒಂದು ಸಲದ ಕೆಲಸ.

ಮೂರು: ಷರತ್ತು ಏನಿದೆ? ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಹುಡುಗರು ಓದದೇ ಬಿಡುವುದೂ ಇದನ್ನೇ. ದುಡ್ಡು ಕೇಳದಿದ್ದ ಮಾತ್ರಕ್ಕೆ ಹಕ್ಕು ಕೊಟ್ಟಂತಲ್ಲ. 'ಸ್ವಂತ ಬಳಕೆಗೆ ಮಾತ್ರ' ಎಂದಿರುವ ಗೊಂಬೆಯಿಂದ ಅಂಗಡಿಯ ಜಾಹೀರಾತು ಮಾಡಿದರೆ ನಾಳೆ ಕೇಳುವವನು ಬಂದೇ ಬರುತ್ತಾನೆ. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ ಇದ್ದರೆ ಅಕ್ಷರಗಳನ್ನು ಬಿಡಿಸಿ ಓದಿ. ಬಿವೈ ಎಂದರೆ ಮಾಡಿದವನ ಹೆಸರು ಹೇಳು. ಎಸ್‌ಎ ಎಂದರೆ ನೀನು ಬದಲಿಸಿ ಹಂಚಿದ್ದನ್ನೂ ಇದೇ ಷರತ್ತಿನಲ್ಲಿ ಕೊಡು. ಎನ್‌ಸಿ ಎಂದರೆ ವ್ಯಾಪಾರಕ್ಕಿಲ್ಲ. ಎನ್‌ಡಿ ಎಂದರೆ ಬದಲಿಸಿ ಹಂಚಬೇಡ. ಎನ್‌ಡಿ ಗೊಂಬೆಗೆ ನೀವು ಇಳಕಲ್ ಸೀರೆ ಉಡಿಸಿ ಊರಿಗೆ ತೋರಿಸುವಂತಿಲ್ಲ! ಸಿಸಿ ಝೀರೊ ಎಂದಿದ್ದರೆ ಮಾತ್ರ ಪೂರ್ತಿ ಕೈಬಿಟ್ಟಂತೆ.

ಬಾಯಿ ಯಾರದು?

ಬಂಧುಗಳೇ, ಈಗ ನಿಜವಾದ ಮಾತಿಗೆ ಬರುತ್ತೇನೆ.

ಆ ಹುಡುಗ ಕೊನೆಗೆ ಒಂದು ಒಳ್ಳೆಯ ಗೊಂಬೆ ಹುಡುಕಿದ. ಕೋಟು ಹಾಕಿದ ಬಿಳಿಯ ಮುದುಕ. ಅದಕ್ಕೆ ಕಂಬಳಿ ಹೊದಿಸಿದ, ರುಮಾಲು ಸುತ್ತಿದ, ಮೀಸೆ ಹಚ್ಚಿದ. ಚೆನ್ನಾಗಿತ್ತು. ಧ್ವನಿಗೆ ತನ್ನ ಅಜ್ಜಿಯನ್ನೇ ಕೂರಿಸಿದ. ವಿಡಿಯೋ ತಯಾರಾದ ಮೇಲೆ ಅಜ್ಜಿಗೆ ತೋರಿಸಿದರೆ ಆಕೆ ಏನಂದಳು ಗೊತ್ತೇ? "ಯಪ್ಪಾ, ಮಾತು ನಂದು, ಬಾಯಿ ಯಾರದೋ!"

ಓದು ಬಾರದ ಮುದುಕಿ ಹಿಡಿದ ತಪ್ಪನ್ನು ನಾವಿಬ್ಬರೂ ಕಂಡಿರಲಿಲ್ಲ. ಕ್ಯಾರೆಕ್ಟರ್ ಅನಿಮೇಟರಿನ ಗೊಂಬೆಗೆ ಮಾತಿಗಾಗಿ 11 ಬಾಯಿ ಆಕಾರ, ಮುಖಭಾವಕ್ಕೆ 3, ಒಟ್ಟು 14. ಈ ಲೆಕ್ಕ ಹಾಕಿದ್ದು ಇಂಗ್ಲಿಷ್ ಮಾತಿಗೆ. ನಮ್ಮ ಮಾತಿನ ನಡೆಯೇ ಬೇರೆ. 'ಅಪ್ಪ', 'ಅಮ್ಮ' ಎನ್ನಿ ನೋಡಿ. ತುಟಿ ಮುಚ್ಚಿ ಒಂದು ಕ್ಷಣ ನಿಲ್ಲುತ್ತದೆ. ಆ ನಿಲುವು ತಪ್ಪಿದರೆ ಅದು ಅಪ್ಪ ಅಲ್ಲ. ಕನ್ನಡದ ಮಾತುಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ: ಮನೆ, ಊರು, ಹೂವು, ಹಾಡು. ಮಾತಿನ ಕೊನೆಗೆ ತುಟಿ ಪಟ್ಟನೆ ಮುಚ್ಚಿಕೊಂಡರೆ ಕೊನೆಯ ಸ್ವರವೇ ನುಂಗಿಹೋದಂತೆ ಕಾಣುತ್ತದೆ. ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ಅಳತೆಯಲ್ಲಿ ಬಾಯಿ ತೆರೆದರೆ ಕಲು ಯಾವುದು, ಕಾಲು ಯಾವುದು?

ಇದಕ್ಕೆ ಪರಿಹಾರ ಅಮೆರಿಕದಿಂದ ಬರಬೇಕಿಲ್ಲ. ಒಂದನೇ ಇಯತ್ತೆಯ ಗೋಡೆಯ ಮೇಲಿದೆ! ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಕ ವರ್ಗ ಗಂಟಲಿನಿಂದ ಶುರುವಾಗಿ ಪ ವರ್ಗ ತುಟಿಗೆ ಬಂದು ನಿಲ್ಲುತ್ತದೆ. ಎಬಿಸಿಡಿಯಲ್ಲಿ ಈ ಕ್ರಮ ಎಲ್ಲಿದೆ? ನಾನು ಒಂದು ರಟ್ಟಿನ ಮೇಲೆ ಬರೆದುಕೊಂಡಿದ್ದೇನೆ, ನೀವೂ ಬರೆದುಕೊಳ್ಳಿ. ಪ ಬ ಮ: ತುಟಿ ಮುಚ್ಚಿದ ಆಕಾರ. ವ: ಮೇಲಿನ ಹಲ್ಲು ಕೆಳತುಟಿಗೆ. ತ ದ ನ: ನಾಲಗೆ ಹಲ್ಲಿಗೆ. ಸ ಶ: ಹಲ್ಲು ಹತ್ತಿರ. ಅ ಆ: ತೆರೆದ ಬಾಯಿ. ಇ ಈ ಎ ಏ: ಅಗಲ ಬಾಯಿ. ಉ ಊ: ಮುಂದೆ ಚಾಚಿದ ದುಂಡು. ಒ ಓ: ದೊಡ್ಡ ದುಂಡು. ಟ ಡ ಣ ಳ ಇವು ಬಾಯಿಯೊಳಗೇ ನಾಲಗೆ ಮಡಚಿ ಹುಟ್ಟುತ್ತವೆ, ಹೊರಗೆ ಅಷ್ಟು ಕಾಣುವುದಿಲ್ಲ. ಕ ವರ್ಗವೂ ಹಾಗೆಯೇ. ಅವುಗಳ ಪಕ್ಕದ ಸ್ವರದ ಆಕಾರ ಇಟ್ಟರೆ ಸಾಕು.

ತಂತ್ರಾಂಶ ತಾನಾಗಿ ಜೋಡಿಸಿದ್ದನ್ನು ಈ ರಟ್ಟು ಇಟ್ಟುಕೊಂಡು ಕೈಯಿಂದ ತಿದ್ದಿ. ಒತ್ತಕ್ಷರ ಬಂದಲ್ಲಿ ಆಕಾರವನ್ನು ಎಳೆದು ಹಿಡಿಸಿ. ರೂಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶವೂ ಇದೆ. ಇಂಗ್ಲಿಷ್ ಅಲ್ಲದ ಮಾತುಗಳಿಗಾಗಿ ಬರೀ ಧ್ವನಿ ನೋಡಿ ಲೆಕ್ಕ ಹಾಕುವ ಬೇರೆ ವಿಧಾನ ಅದರಲ್ಲಿದೆ. ಯಾವ ಕ್ಷಣಕ್ಕೆ ಯಾವ ಬಾಯಿ ಎಂಬ ಪಟ್ಟಿ ಕೊಡುತ್ತದೆ. ಆರೇ ಆಕಾರಗಳಿಂದ ಕೆಲಸ ನಡೆಯುತ್ತದೆ. ಆ ಹುಡುಗ ಮೂರು ನಿಮಿಷದ ಕಥೆಯನ್ನು ನಾಲ್ಕು ದಿನ ತಿದ್ದಿದ. ಅಜ್ಜಿ ಮತ್ತೆ ನೋಡಿದಳು. ಏನೂ ಅನ್ನಲಿಲ್ಲ, ನಕ್ಕಳು. ಅದೇ ಪ್ರಶಸ್ತಿ.

ನಮ್ಮ ಗೊಂಬೆ ಎಲ್ಲಿ ಹೋಯಿತು?

ಸೂತ್ರ ಕಟ್ಟಿದ ಗೊಂಬೆ ಪರದೆಯ ಮೇಲೆ ಕುಣಿಯುವುದು ನಮಗೆ ಹೊಸತೇ? ನಮ್ಮ ಸೀಮೆಯ ತೊಗಲುಗೊಂಬೆ ಆಟ ಮತ್ತೇನು? ತೊಗಲನ್ನು ಬೆಳಕು ಹಾಯುವಷ್ಟು ಹದ ಮಾಡಿ, ಬಣ್ಣ ಹಾಕಿ, ರಂಧ್ರ ಕೊರೆದು, ಕೈಯನ್ನು ಬೇರೆ ತುಂಡು ಮಾಡಿ ದಾರದಿಂದ ಕೀಲು ಕಟ್ಟುತ್ತಿದ್ದರು. ರಾಜನ ಗೊಂಬೆ ದೊಡ್ಡದು, ಆಳಿನ ಗೊಂಬೆ ಚಿಕ್ಕದು, ನೋಡಿದ ಕೂಡಲೇ ತಿಳಿಯಬೇಕು. ಕಿಳ್ಳೇಕ್ಯಾತ, ಬಂಗಾರಕ್ಕ ಬಂದರೆ ಜನ ನಗಲೇಬೇಕು. ಪದರ, ಕೀಲು, ಧ್ವನಿ, ಬೆಳಕು, ಎಲ್ಲವೂ ಅಲ್ಲೇ ಇತ್ತು. ಇಲ್ಲದ್ದು ವಿದ್ಯುತ್ ಒಂದೇ!

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲುಗೊಂಬೆಯಲ್ಲಿ ರಾಮಾಯಣವನ್ನಷ್ಟೇ ಅಲ್ಲ, ಗಾಂಧೀಜಿಯ ಕಥೆಯನ್ನೂ ಆಡಿಸಿದರು. 2023ರಲ್ಲಿ ಅವರನ್ನು ಕಳೆದುಕೊಂಡೆವು. ನಮಗೆ ದೂರವಲ್ಲದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಆ ತಾಯಿಗೆ ತೊಂಬತ್ತು ದಾಟಿತ್ತು. ಎಂ. ಎಸ್. ನಂಜುಂಡರಾಯರು ಕೂಡಿಸಿದ ಹಳೆಯ ತೊಗಲುಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಹೋಗಿ ನೋಡಿ. ನಾವು ಮಾತ್ರ ಕೋಟು ಹಾಕಿದ ಮುದುಕನನ್ನು ಹುಡುಕುತ್ತಿದ್ದೇವೆ.

ಆದರೆ ಇಲ್ಲೂ ಒಂದು ಎಚ್ಚರಿಕೆ. ಭೀಮವ್ವನವರ ಗೊಂಬೆಯ ಫೋಟೋ ಸಿಕ್ಕಿತೆಂದು ಕತ್ತರಿಸಿ ಕಂಪ್ಯೂಟರಿಗೆ ಹಾಕಿದರೆ ಅದು ಕನ್ನಡ ಸೇವೆಯಲ್ಲ, ಕಳ್ಳತನ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾವಿದನ ಹಕ್ಕು ಅವನ ಜೀವಿತಕಾಲ ಮತ್ತು ನಂತರ 60 ವರ್ಷ ಉಳಿಯುತ್ತದೆ. ತೊಗಲುಗೊಂಬೆಯ ಶೈಲಿ ಎಲ್ಲರದು. ಒಬ್ಬರು ಕೊರೆದ ಗೊಂಬೆ ಅವರದು. ಆ ಮನೆಗೆ ಹೋಗಿ, ಕೂತು, ಕೇಳಿ, ಒಪ್ಪಿದರೆ ದುಡ್ಡು ಕೊಟ್ಟು, ಹೆಸರು ಹಾಕಿ ಬಳಸಿ. ಪರದೇಶದ ಗೊಂಬೆಗೆ ಪರವಾನಗಿ ಓದುವ ನಾವು ನಮ್ಮ ಮುದುಕಿಯ ಗೊಂಬೆಗೆ ಕೇಳದೇ ಕೈ ಹಾಕುವುದು ಯಾವ ನ್ಯಾಯ?

ಕೊನೆಯ ಮಾತು

ಬಿಟ್ಟಿ ಗೊಂಬೆ ಹುಡುಕಬೇಡಿ ಎಂದು ನಾನು ಹೇಳುವುದಿಲ್ಲ. ಹುಡುಕಿ, ಬಿಚ್ಚಿ ನೋಡಿ, ಸೂತ್ರ ಹೇಗೆ ಕಟ್ಟಿದ್ದಾರೆಂದು ಕಲಿಯಿರಿ. ಅಪ್ಪನ ಡ್ರಾಯರಿನ ಗಣಪತಿಯನ್ನು ನಾವೂ ನಲವತ್ತು ವರ್ಷ ಅಚ್ಚು ಹಾಕಿದ್ದೇವೆ. ಅದರಿಂದ ಹೊಟ್ಟೆ ತುಂಬಿತು, ಸುಳ್ಳಲ್ಲ. ಆದರೆ ಆ ನಲವತ್ತು ವರ್ಷದಲ್ಲಿ ನಮ್ಮೂರಿನಲ್ಲಿ ಹೊಸ ಗಣಪತಿ ಬರೆಯುವವನೊಬ್ಬ ಹುಟ್ಟಲಿಲ್ಲ. ಸಿದ್ಧ ಸರಕಿನ ಬೆಲೆ ಅದು. ಅದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಆದ್ದರಿಂದ ಒಂದು ಬೇಡಿಕೆ. ಚಿತ್ರ ಬರುವವರು ಚಿತ್ರ ಬರೆಯಿರಿ, ಕಂಪ್ಯೂಟರ್ ಬರುವವರು ಸೂತ್ರ ಕಟ್ಟಿ. ಮಲ್ಲಿಗೆ ಕಟ್ಟುವ ಅಕ್ಕ, ಮೈಲಾರದ ಗೊರವಯ್ಯ, ಕುರಿ ಕಾಯುವ ಹುಡುಗ, ಶಾಲೆಯ ಮೇಷ್ಟ್ರು, ಹೀಗೆ ಹತ್ತು ಗೊಂಬೆ ಮಾಡೋಣ. ಕನ್ನಡದ ಬಾಯಿ ಇರುವ ಹತ್ತು ಗೊಂಬೆ. ಹೆಸರು ಹೇಳಿ ಬಳಸಿ ಎಂಬ ಒಂದೇ ಷರತ್ತಿನಲ್ಲಿ ಎಲ್ಲರಿಗೂ ಬಿಟ್ಟಿ ಕೊಡೋಣ. ಕಾಸರಗೋಡಿನ ಮಗುವೂ ಬಳಸಲಿ, ದುಬೈಯಲ್ಲಿರುವ ಕನ್ನಡದ ಮನೆಯೂ ಬಳಸಲಿ. ನನ್ನ ಪ್ರೆಸ್ಸಿನ ಎರಡು ಕಂಪ್ಯೂಟರ್ ಸಂಜೆ ಏಳರ ಮೇಲೆ ನಿಮಗೆ ಖಾಲಿ. ಚಹಾ ನನ್ನದು. ವೈರಸ್ ಮಾತ್ರ ತರಬೇಡಿ!

ಆ ಹುಡುಗ ಈಗಾಗಲೇ ಮೊದಲ ಗೊಂಬೆ ಶುರು ಮಾಡಿದ್ದಾನೆ. ಅವನ ಅಜ್ಜಿಯದೇ. ಉಳಿದದ್ದು ಒಂಬತ್ತು.

ಸಿರಿಗನ್ನಡಂ ಗೆಲ್ಗೆ!