ಊರಿಂದೂರಿಗೆ ಡೀಸೆಲ್ ಬೆಲೆ ಏಕೆ ಬೇರೆ?



ಎತ್ತಿನ ಮೇವು ಹೊಲದಲ್ಲೇ ಬೆಳೆಯುತ್ತದೆ. ಟ್ರ್ಯಾಕ್ಟರಿನ ಮೇವನ್ನು ಮಾತ್ರ ಪೇಟೆಯಿಂದಲೇ ತರಬೇಕು. ಅದರ ಬೆಲೆ ಊರಿಂದೂರಿಗೆ, ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತದೆ. ಕಾರಣ ತಿಳಿದವರು ಉಳುಮೆಯ ಬಾಡಿಗೆ ಗೊತ್ತುಮಾಡುವಾಗ ಮೋಸಹೋಗುವುದಿಲ್ಲ.

ಡೀಸೆಲ್ ಬೆಲೆಯಲ್ಲಿ ಐದು ಭಾಗಗಳಿವೆ: ಎಣ್ಣೆಯ ಮೂಲಬೆಲೆ, ಕೇಂದ್ರದ ಅಬಕಾರಿ ಸುಂಕ, ಸಾಗಣೆ ವೆಚ್ಚ, ಬಂಕಿನವರ ಕಮಿಷನ್ ಮತ್ತು ರಾಜ್ಯದ ಮಾರಾಟ ತೆರಿಗೆ. ಅಬಕಾರಿ ಸುಂಕ ದೇಶಕ್ಕೆಲ್ಲ ಒಂದೇ. ಹೆಚ್ಚಿನ ವ್ಯತ್ಯಾಸ ಬರುವುದು ಸಾಗಣೆಯಿಂದ ಮತ್ತು ರಾಜ್ಯದ ತೆರಿಗೆಯಿಂದ.

ಒಂದೇ ರಾಜ್ಯದ ಎರಡು ಊರುಗಳ ನಡುವೆ ತೆರಿಗೆಯ ದರ ಸಮ. ಡಿಪೋದಿಂದ ಇರುವ ದೂರ ಬೇರೆ. ಮಂಗಳೂರಿನಲ್ಲಿ ತೈಲ ಶುದ್ಧೀಕರಣಾಗಾರವಿದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ 2003ರಲ್ಲಿ ಕೊಳವೆ ಮಾರ್ಗ ಆರಂಭವಾಯಿತು. ಡಿಪೋದಿಂದ ಮುಂದಕ್ಕೆ ಬಂಕುಗಳಿಗೆ ಟ್ಯಾಂಕರ್ ಲಾರಿಯೇ ಹೋಗಬೇಕು. ದೂರ ಹೆಚ್ಚಿದಂತೆ ಲೀಟರಿಗೆ ಕೆಲವು ಪೈಸೆ ಏರುತ್ತದೆ.

ರಾಜ್ಯಗಳ ನಡುವಿನ ಅಂತರ ಪೈಸೆಗಳದ್ದಲ್ಲ, ರೂಪಾಯಿಗಳದ್ದು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಪೆಟ್ರೋಲ್, ಡೀಸೆಲ್‌ಗಳನ್ನು ಅದರಿಂದ ಹೊರಗಿಡಲಾಯಿತು. ಹೀಗಾಗಿ ಪ್ರತಿ ರಾಜ್ಯವೂ ತನ್ನದೇ ತೆರಿಗೆ ವಿಧಿಸುತ್ತದೆ. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿದಾಗ ಲೀಟರಿನ ಬೆಲೆ ಸುಮಾರು 2 ರೂಪಾಯಿ ಹೆಚ್ಚಿತು.

ಹಾಗಾದರೆ ಗಡಿ ದಾಟಿ ಡೀಸೆಲ್ ತರುವುದು ಲಾಭವೇ? ಲೆಕ್ಕ ಹಾಕಿ ನೋಡಿ. ಗಡಿಯಾಚೆಯ ಬಂಕು 15 ಕಿ.ಮೀ. ದೂರದಲ್ಲಿದೆ, ಅಲ್ಲಿ ಲೀಟರಿಗೆ 4 ರೂಪಾಯಿ ಕಡಿಮೆ ಎಂದಿಟ್ಟುಕೊಳ್ಳಿ. 40 ಲೀಟರಿಗೆ ಉಳಿತಾಯ 160 ರೂಪಾಯಿ. ಟ್ರ್ಯಾಕ್ಟರು ಹೋಗಿಬರಲು ಒಂದೂವರೆ ಗಂಟೆ ಓಡಿ, ಗಂಟೆಗೆ 5 ಲೀಟರಿನಂತೆ ಏಳೂವರೆ ಲೀಟರ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿಯಂತೆ ಅದರ ಖರ್ಚು 675 ರೂಪಾಯಿ. ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ತುಂಬಿಸಿಕೊಂಡರೆ ಮಾತ್ರ ಲಾಭ.

ಬಾಡಿಗೆಯ ಲೆಕ್ಕವೂ ಹೀಗೆಯೇ. ಎಕರೆ ಉಳಲು 5 ಲೀಟರ್ ಬೇಕೆಂದು ಹಿಡಿದರೆ, ಡೀಸೆಲ್ 2 ರೂಪಾಯಿ ಏರಿದಾಗ ಹೆಚ್ಚುವ ಖರ್ಚು ಎಕರೆಗೆ 10 ರೂಪಾಯಿ. ಅದನ್ನೇ ನೆಪಮಾಡಿ 100 ರೂಪಾಯಿ ಏರಿಸಿದರೆ ಸಣ್ಣ ರೈತ ಒಪ್ಪಬೇಕಾಗಿಲ್ಲ. ಆದರೆ ಬಿಡಿಭಾಗ, ಚಾಲಕನ ಕೂಲಿ ಏರಿದ್ದರೆ ಮಾಲೀಕನ ಮಾತನ್ನೂ ಕೇಳಬೇಕು.

ಖರ್ಚು ತಿಳಿಯಲು ಉಳುಮೆಗೆ ಮೊದಲು ಟ್ಯಾಂಕನ್ನು ಕಂಠಮಟ್ಟ ತುಂಬಿಸಿ. ಒಂದು ಎಕರೆ ಉತ್ತ ಮೇಲೆ, ಅದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮತ್ತೆ ಅಳೆದು ತುಂಬಿಸಿ. ಹಿಡಿದಷ್ಟೇ ಖರ್ಚಾದ ಡೀಸೆಲ್. ಗಾಳಿಶೋಧಕವನ್ನು ಶುಚಿಯಾಗಿಟ್ಟು, ಸೋರಿಕೆ ನಿಲ್ಲಿಸಿದರೆ ಅದೂ ಇಳಿಯುತ್ತದೆ. ಬಂಕಿನ ದರ ರೈತನ ಕೈಯಲ್ಲಿಲ್ಲ. ಹೊಲದ ಲೆಕ್ಕ ಅವನ ಕೈಯಲ್ಲೇ ಇದೆ.