ಐವತ್ತರ ಆಚೆಯ ನಡಿಗೆ

ವಾಯುವಿಹಾರವೆಂಬ ಮಾತು ನಮ್ಮಲ್ಲಿ ಬಹುಕಾಲ ಗಂಡಸರ ಸೊತ್ತಾಗಿತ್ತು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯೆಂದೊಡನೆ ಕುವೆಂಪು ಅವರ ನಡಿಗೆ ನೆನಪಾಗುತ್ತದೆ. ಕೊಡೆ ಹಿಡಿದು ಸಂಜೆ ಹೊರಡುವ ನಿವೃತ್ತ ಮೇಷ್ಟರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹೆಂಗಸರು ನಡೆಯಲಿಲ್ಲವೆಂದಲ್ಲ. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳು. ನಮ್ಮ ಅಜ್ಜಿಯರು ಬಾವಿಗೆ, ಹೊಲಕ್ಕೆ, ಸಂತೆಗೆ ನಡೆದೇ ಹೋದರು. ಆದರೆ ಆ ನಡಿಗೆಗೆ ತಲೆಯ ಮೇಲೊಂದು ಹೊರೆಯೋ ಕಂಕುಳಲ್ಲೊಂದು ಕೂಸೋ ಕಾರಣವಾಗಿ ಇರಬೇಕಿತ್ತು. ಬರಿಗೈಯಲ್ಲಿ, ಕೇವಲ ತನಗಾಗಿ ನಡೆಯುವ ಹೆಂಗಸನ್ನು ಕಂಡರೆ ‘ಎಲ್ಲಿಗೆ ಹೊರಟಿರಿ?’ ಎಂದು ಕೇಳುವವರು ಇಂದಿಗೂ ಇದ್ದಾರೆ. ಮುಟ್ಟು ನಿಂತ ಮೇಲೆ ಹೆಣ್ಣಿನ ಮೂಳೆಗಳು ಬೇಡುವುದು ಇಂಥ ನಡಿಗೆಯನ್ನೇ.

ಮೂಳೆಯೆಂದರೆ ಕಲ್ಲುಕಂಬವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಸದಾ ದುರಸ್ತಿಯಲ್ಲಿರುವ ಮನೆ. ಕೆಲವು ಜೀವಕೋಶಗಳು ಹಳೆಯದನ್ನು ಕೆಡವುತ್ತಿರುತ್ತವೆ. ಬೇರೆ ಕೆಲವು ಹೊಸದನ್ನು ಕಟ್ಟುತ್ತಿರುತ್ತವೆ. ಕೆಡವುವ ಕೈಯನ್ನು ಹತೋಟಿಯಲ್ಲಿಡುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ನಮ್ಮ ದೇಶದಲ್ಲಿ ಸರಾಸರಿ 46-47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ. ಕೆಡವುವ ಕೆಲಸ ಕಟ್ಟುವ ಕೆಲಸವನ್ನು ಹಿಂದೆ ಹಾಕುತ್ತದೆ. ಈ ಸಂಬಂಧವನ್ನು 1941ರಲ್ಲಿ ಎತ್ತಿ ತೋರಿಸಿದವರು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಅವರ ಸಂಗಡಿಗರು. ನಷ್ಟ ಅತಿ ವೇಗವಾಗಿರುವುದು ಮೊದಲ ಕೆಲವು ವರ್ಷಗಳಲ್ಲಿ. ಅದಕ್ಕೆ ನೋವಿಲ್ಲ, ಸದ್ದಿಲ್ಲ. ಮಂಡಿನೋವು ಬಂದಾಗ ‘ಮೂಳೆ ಸವೆದಿದೆ’ ಎನ್ನುವುದು ನಮ್ಮ ರೂಢಿ. ಅದು ಕೀಲಿನ ಮಾತು, ಬೇರೆಯ ವ್ಯಾಧಿ. ಮೂಳೆ ಒಳಗೊಳಗೇ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ತನ್ನ ಇರವನ್ನು ತಿಳಿಸುವುದು ಬಚ್ಚಲಲ್ಲಿ ಕಾಲು ಜಾರಿದ ದಿನ. ಸೊಂಟದ ಬಳಿ ತೊಡೆಮೂಳೆ ಮುರಿಯಿತೆಂದರೆ, ಅದುವರೆಗೆ ಮನೆಯನ್ನೆಲ್ಲ ಹೊತ್ತು ನಡೆಸಿದವಳು ಒಂದು ಲೋಟ ನೀರಿಗೂ ಇನ್ನೊಬ್ಬರ ದಾರಿ ಕಾಯಬೇಕಾಗುತ್ತದೆ. ಹಲವರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ.

ಹೊತ್ತ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನು ರೂಪಿಸಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ಒಂದರಷ್ಟು ಕರಗುವುದು ಇದರ ಇನ್ನೊಂದು ಮುಖ. ನಡೆಯುವಾಗ ಪ್ರತಿ ಹೆಜ್ಜೆಯೂ ಮೈಭಾರವನ್ನು ಸೊಂಟಕ್ಕೆ ಮುಟ್ಟಿಸುತ್ತದೆ. ಮುಟ್ಟು ನಿಂತ 60,000ಕ್ಕೂ ಹೆಚ್ಚು ಅಮೆರಿಕದ ದಾದಿಯರನ್ನು ಹನ್ನೆರಡು ವರ್ಷ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ವ್ಯಾಯಾಮವೆಂದರೆ ನಡಿಗೆಯಷ್ಟನ್ನೇ ಮಾಡುತ್ತಿದ್ದವರ ಪೈಕಿ, ವಾರಕ್ಕೆ ನಾಲ್ಕು ಗಂಟೆಯಾದರೂ ನಡೆದವರಲ್ಲಿ ಸೊಂಟದ ಮುರಿತ, ಒಂದು ಗಂಟೆಗಿಂತ ಕಡಿಮೆ ನಡೆದವರಿಗಿಂತ ಶೇಕಡಾ 41ರಷ್ಟು ಕಡಿಮೆ ಕಂಡಿತು. ಗಟ್ಟಿಮುಟ್ಟಾದವರೇ ಹೆಚ್ಚು ನಡೆದಿರಬಹುದೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ.

ನಡಿಗೆಯನ್ನು ಸಂಜೀವಿನಿಯೆಂದು ಹೊಗಳುವವರ ಸಾಲಿಗೆ ನಾನು ಸೇರಿದವಳಲ್ಲ. ಕಳೆದ ಮೂಳೆಯನ್ನು ಅದು ತಂದುಕೊಡದು. ಬೆನ್ನುಮೂಳೆಗೆ ಅದರ ನೆರವು ಅಲ್ಪ. ಅದರ ದೊಡ್ಡ ಉಪಕಾರ ಬೇರೆ ಕಡೆ ಇದೆ: ಕಾಲಿಗೆ ಕಸುವು ಬರುತ್ತದೆ, ಹೆಜ್ಜೆ ನೆಲೆಗೊಳ್ಳುತ್ತದೆ, ಬೀಳುವುದು ಕಡಿಮೆಯಾಗುತ್ತದೆ. ಅಷ್ಟಕ್ಕೂ ನಡಿಗೆ ಚುರುಕಾಗಿರಬೇಕು. ಜೊತೆಯವರೊಡನೆ ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಇದರೊಡನೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ಇವೆರಡೂ ಸೇರಿದರೆ ಲೇಸು.

‘ಬೆಳಗಿನಿಂದ ಅಡುಗೆಮನೆಗೂ ಹಿತ್ತಲಿಗೂ ಓಡಾಡುತ್ತೇನಲ್ಲ, ಸಾಲದೆ?’ ಎಂದು ಕೇಳುವ ತಾಯಂದಿರುಂಟು. ಸಾಲದು. ಮನೆಗೆಲಸದಲ್ಲಿ ಆಯಾಸವುಂಟು, ಓಟವಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಒಲೆಯೋ ಕರೆಗಂಟೆಯೋ ತಡೆಯುತ್ತದೆ. ಈ ಉತ್ತರವನ್ನು ಅವರ ಮಕ್ಕಳೂ ಯಜಮಾನರೂ ಕೇಳಿಸಿಕೊಳ್ಳಬೇಕು. ಆ ಅರ್ಧ ಗಂಟೆ ಬಿಡುವಾಗುವುದು ಬೇರೆ ಯಾರಾದರೂ ಕುಕ್ಕರಿನ ಮುಂದೆ ನಿಂತಾಗ ಮಾತ್ರ.

ಬಿಸಿಲಿನ ವಿಷಯದಲ್ಲೂ ನಮ್ಮ ಕಲ್ಪನೆ ಸ್ವಲ್ಪ ತಿದ್ದಬೇಕಾಗಿದೆ. ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಚರ್ಮ ತಯಾರಿಸುವುದು ಬಿಸಿಲೇರಿದ ಮೇಲೆ, ಹನ್ನೊಂದರಿಂದ ಮೂರರ ನಡುವೆ. ನಸುಕಿನ ನಡಿಗೆ ಹಿತವೇ ಸರಿ. ಅದರಿಂದ ಈ ಜೀವಸತ್ವ ದೊರೆಯುವುದು ಅತ್ಯಲ್ಪ. ಮೈಗೆ ಶಾಲು ಸುತ್ತಿ ಹೊರಟರಂತೂ ಏನೂ ಇಲ್ಲ. ಕ್ಯಾಲ್ಸಿಯಂಗೆ ನಾವು ಬಹಳ ದೂರ ಹೋಗಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಪಟ್ಟಣದಲ್ಲಿ ಮುದ್ದೆ ತಟ್ಟೆಯಿಂದ ಇಳಿದು ಎಷ್ಟೋ ಕಾಲವಾಯಿತು!

ನಮ್ಮ ಹಳ್ಳಿಗಳಲ್ಲಿ ಮೂವತ್ತು, ನಲವತ್ತರ ಪ್ರಾಯದಲ್ಲೇ ಗರ್ಭಕೋಶ ತೆಗೆಸಿಕೊಂಡವರು ಕಡಿಮೆಯಿಲ್ಲ. ಅದರೊಡನೆ ಅಂಡಾಶಯಗಳನ್ನೂ ತೆಗೆದಿದ್ದರೆ ಮೂಳೆಯ ನಷ್ಟ ಅಂದೇ ಆರಂಭವಾಗುತ್ತದೆ, ಐವತ್ತನ್ನು ಕಾಯುವುದಿಲ್ಲ. ಇಂಥವರೂ, ಸಣ್ಣ ಬೀಳಿಗೇ ಮಣಿಕಟ್ಟು ಮುರಿದುಕೊಂಡವರೂ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರೂ ನಡಿಗೆಯೊಂದನ್ನೇ ನೆಚ್ಚಿ ಕೂರದೆ ವೈದ್ಯರನ್ನು ಕಂಡು ಡೆಕ್ಸಾ ಪರೀಕ್ಷೆಯ ಬಗೆಗೆ ವಿಚಾರಿಸಬೇಕು. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ ಅಲುಗದೆ ಮಲಗಿದ್ದರಾಯಿತು.