ಗೋದಾಮಿನ ಗೋಡೆಗೆ ನಮ್ಮೂರ ಮಣ್ಣು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಕಟ್ಟಡ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘದ ಹೊಸ ಧಾನ್ಯದ ಗೋದಾಮಿಗೆ ಮಣ್ಣಿನ ಇಟ್ಟಿಗೆಯ ಗೋಡೆ ಕಟ್ಟೋಣವೆಂದು ನಾವು ಸೂಚಿಸಿದಾಗ, "ಇಪ್ಪತ್ತೈದು ವರ್ಷ ದುಡಿದ ಸಂಘಕ್ಕೆ ಮಣ್ಣಿನ ಗೋಡೇನಾ?" ಅಂತ ಕೆಲವರು ನಕ್ಕರು. ನಗಲಿ ಬಿಡಿ. ಮಳೆಗಾಲದಲ್ಲಿ ಗೋಡೆ ಕುಸಿದದ್ದನ್ನು ಕಂಡವರಿಗೆ ಈ ಅನುಮಾನ ಸಹಜ.

ಆದರೆ ಇದು ಬರೀ ಮಣ್ಣಲ್ಲ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಬೆರೆಸಿ, ಹದವಾಗಿ ತೇವ ಮಾಡಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಗೂಡು ಬೇಡ, ಸೌದೆ ಬೇಡ. ಮೂರು ವಾರ ನೆರಳಲ್ಲಿಟ್ಟು ನೀರು ಚಿಮುಕಿಸಿದರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆಂದೇ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ.

ಸಿಮೆಂಟ್ ಯಾಕೆ ಕಡಿಮೆ ಮಾಡಬೇಕು ಅಂತೀರಾ? ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಅದನ್ನು ಮಾಡುತ್ತಾರೆ. ಕಲ್ಲಿದ್ದಲಿನ ಹೊಗೆ ಒಂದು ಕಡೆ. ಸುಟ್ಟ ಕಲ್ಲಿನಿಂದಲೇ ಹೊರಡುವ ಇಂಗಾಲದ ಅನಿಲ ಅದಕ್ಕಿಂತ ಹೆಚ್ಚು. ಮಳೆ ಕಾಲಕ್ಕೆ ಬರ್ತಿಲ್ಲ ಅಂತ ಗೋಳಾಡುವ ರೈತರಾದ ನಮಗೂ ಇದರಲ್ಲಿ ಪಾಲಿದೆ. ಸಿಮೆಂಟೊಂದೇ ಗಟ್ಟಿ ಅನ್ನುವವರು ಕನ್ನಂಬಾಡಿ ಕಟ್ಟೆಯನ್ನು ನೆನೆಯಿರಿ. ಅದನ್ನು ಕಟ್ಟಿದ್ದು ಕಲ್ಲು, ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ.

ಹಾಗಂತ ಸಿಮೆಂಟನ್ನೇ ಬಿಡಿ ಅನ್ನುವುದಿಲ್ಲ. ಕಾಂಕ್ರೀಟ್ ಬೇಕಾದ ಕಡೆ ಬೇಕೇ ಬೇಕು. ಅಲ್ಲಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಬಳಸೋಣ. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರಗಳ ಬೂದಿಗೂ ಒಂದು ದಾರಿಯಾಗುತ್ತದೆ. ಇದು ಮೊದಲಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ. ಹತ್ತು ದಿನವಾದರೂ, ಬಿರುಬಿಸಿಲಾದರೆ ಹದಿನಾಲ್ಕು ದಿನ, ನೀರು ಕಟ್ಟಲೇಬೇಕು. ಮೇಸ್ತ್ರಿ ಮೂರು ದಿನಕ್ಕೆ ಸಾಕು ಅಂದರೆ ಕೇಳಬೇಡಿ.

ನಾವೂ ಒಮ್ಮೆ ಎಡವಿದ್ದೇವೆ. ಪಂಪ್‌ಶೆಡ್ಡಿಗೆಂದು ಕೆರೆ ಕೆಳಗಿನ ಎರೆಮಣ್ಣಲ್ಲೇ ಇಟ್ಟಿಗೆ ಒತ್ತಿಸಿದೆವು. ಒಣಗುವಷ್ಟರಲ್ಲಿ ಎಲ್ಲಾ ಬಿರುಕು! ಕೂಲಿಯೂ ಹೋಯಿತು, ಮರ್ಯಾದೆಯೂ ಹೋಯಿತು. ತಪ್ಪು ಯಂತ್ರದ್ದಲ್ಲ, ಮಣ್ಣು ನೋಡದ ನಮ್ಮದು. ಎರೆಮಣ್ಣು ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ತಳಕ್ಕೆ, ಜೇಡಿ ಮೇಲಕ್ಕೆ ಕೂರುತ್ತದೆ. ಮೂರರಲ್ಲಿ ಎರಡು ಪಾಲು ಮರಳಿದ್ದರೆ ಒಳ್ಳೆಯದು. ಇಲ್ಲವಾದರೆ ಮರಳೋ ಕ್ರಷರ್ ಪುಡಿಯೋ ಬೆರೆಸಿ ಸರಿಮಾಡಿಕೊಳ್ಳಬೇಕು.

ಗೋದಾಮಿಗೆ ಎರಡಡಿ ಎತ್ತರ ಕಲ್ಲಿನ ಪಾಯ, ಮೇಲೆ ಈ ಗೋಡೆ, ಎರಚಲು ಬಡಿಯದಂತೆ ಅಗಲವಾದ ಸೂರು, ಇಷ್ಟು ನಮ್ಮ ಯೋಜನೆ. ಇಟ್ಟಿಗೆ ಒತ್ತುವ ಕೂಲಿ ನಮ್ಮೂರ ಹೆಣ್ಣುಮಕ್ಕಳಿಗೂ ಹುಡುಗರಿಗೂ ಸಿಗುತ್ತದೆ, ಲಾರಿ ಬಾಡಿಗೆಗೆ ಹೋಗುವುದಿಲ್ಲ.

ಗುಡ್ಡದ ಬದಿಯ ಕೆಮ್ಮಣ್ಣಿನ ಬಾಟಲಿಯನ್ನು ಸಂಘದ ಕಚೇರಿಯ ಕಿಟಕಿಯಲ್ಲಿಟ್ಟಿದ್ದೇವೆ. ಪಕ್ಕದ ಬಕೆಟ್ ನೀರಿನಲ್ಲಿ ಅದೇ ಮಣ್ಣಿನ ಇಟ್ಟಿಗೆಯೊಂದು ಎಂಟು ದಿನದಿಂದ ಮುಳುಗಿದೆ. ಊಟ ಮುಗಿಸಿ ಹೋಗುವಾಗ ಎತ್ತಿ, ಉಗುರಲ್ಲಿ ಕೆರೆದು ನೋಡಿ. ಆಮೇಲೂ ಬೇಡ ಅನಿಸಿದರೆ ಮುಂದಿನ ಮಹಾಸಭೆಯಲ್ಲಿ ಕೈ ಎತ್ತಿ ಹೇಳಿ.